ಎಡಗೈಗೊಂದು ಬೋಲ್ಟ್ ರೈಫಲ್

ಹಂದಿ ನನ್ನ ಗಂಡನ ತೊಡೆ ಸೀಳಿದ್ದು ನಮ್ಮ ಗದ್ದೆಯಲ್ಲೇ, ಬೆಳ್ಳಂಬೆಳಿಗ್ಗೆ. ಹಂದಿಯ ಮೇಲೆ ನನಗೆ ಸಿಟ್ಟಿಲ್ಲ, ಕೋವಿಯ ಮೇಲಿದೆ. ಮಾವನ ಕಾಲದ ಒಂಟಿ ನಳಿಗೆಯ ಕೋವಿ ಅದು. ಮೊದಲ ಗುಂಡಿಗೆ ಗಾಯಗೊಂಡ ಹಂದಿ ತಿರುಗಿ ನುಗ್ಗುವಾಗ, ತೇವಕ್ಕೆ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಂಡ ಖಾಲಿ ತೋಟೆಯನ್ನು ಇವರು ಉಗುರಿನಲ್ಲಿ ಕೀಳುತ್ತ ನಿಂತಿದ್ದರು. ಜೀವ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ.

ಅರಳಸುರಳಿ ಊರಿನ ಆಚೆ, ಕಾಡಿಗೆ ತಾಗಿದ ಗದ್ದೆ ನಮ್ಮದು. ಅದರಲ್ಲಿ ನನ್ನ ಗಂಡನ ಅಣ್ಣನಿಗೂ ಪಾಲಿದೆ. ಆಸ್ಪತ್ರೆಯಿಂದ ಬಂದ ವಾರದಲ್ಲೇ ಭಾವ ಮಾತು ತೆಗೆದರು.

"ಇನ್ನು ಕಾಯೋರ್ ಯಾರು? ಅಕೇಶಿಯಾ ಗಿಡ ಹಾಕ್ಬಿಡಾಣ, ಅದನ್ನ ಹಂದಿ ಮುಟ್ಟಲ್ಲ."

"ನಾನ್ ಕಾಯ್ತೀನಿ" ಅಂದೆ.

"ಕೋವಿ ಹಿಡಿಯೋದು ಸೌಟು ಹಿಡಿದಂಗಲ್ಲ ಮಾರಾಯ್ತಿ. ಅದ್ರಲ್ಲೂ ನೀನು ಎಡಚಿ."

ಸೌಟನ್ನೂ ಈ ಮನೆಯಲ್ಲಿ ನನ್ನ ಇಷ್ಟದ ಕೈಯಲ್ಲಿ ಹಿಡಿಯಲು ಬಿಟ್ಟಿರಲಿಲ್ಲ ಎಂಬುದನ್ನು ಅವರು ಮರೆತಂತಿತ್ತು. ಕೊನೆಗೆ ಭಾವನೇ ಒಂದು ಷರತ್ತು ಹಾಕಿದರು: ಮಳೆ ಹಿಡಿಯುವುದರೊಳಗೆ ಕೋವಿಯ ಲೈಸೆನ್ಸ್ ನನ್ನ ಹೆಸರಿಗಾದರೆ ಭತ್ತ, ಇಲ್ಲದಿದ್ದರೆ ಅಕೇಶಿಯಾ. ಇವರು ಜಗಲಿಯಲ್ಲಿ ಕಾಲು ಚಾಚಿಕೊಂಡು ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೋವಿಗಿಂತ ಅದಕ್ಕೇ ನನಗೆ ಹೆಚ್ಚು ಉರಿಯಿತು.

ಷಿಕಾರಿಯ ಕಾಲ ಎಂದೋ ಮುಗಿಯಿತು. ಈಗ ಬೆಳೆ ತಿನ್ನುವ ಹಂದಿಯ ಮೇಲೆ ಗುಂಡು ಹಾರಿಸಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಹೊಡೆಯುವ ಚಪಲ ನನಗೆ ಇರಲೂ ಇಲ್ಲ. ನನಗೆ ಬೇಕಾಗಿದ್ದದ್ದು ಎರಡನೆಯ ಗುಂಡಿಗೆ ಕೈಕೊಡದ ಕೋವಿ.

ಸಾಗರದ ಕೋವಿ ಅಂಗಡಿಗೆ ಭಾವನೂ ಬಂದರು. ಅಂಗಡಿಯವರು ನಾನು ಕೇಳಿದ್ದಕ್ಕೆಲ್ಲ ಭಾವನ ಮುಖ ನೋಡಿ ಉತ್ತರ ಕೊಟ್ಟರು. ಹಿಡಿ ಎಳೆದರೆ ಖಾಲಿ ತೋಟೆಯನ್ನು ತಾನೇ ಹೊರಹಾಕುವ ಬೋಲ್ಟ್ ರೈಫಲ್ ತೋರಿಸಿ ಎಂದಾಗ ಮಾತ್ರ ನನ್ನತ್ತ ತಿರುಗಿದರು. ನಾನು ಎಡಚಿಯೆಂದು ಭಾವ ಮೊದಲೇ ಹೇಳಿಯಾಗಿತ್ತು.

"ಬೋಲ್ಟ್ ಬಲಗಡೆ ಇರ್ತದಮ್ಮ. ಎಡಚರಿಗೆ ಆಗಲ್ಲ."

"ಆಗತ್ತೋ ಇಲ್ವೋ ನಾನ್ ನೋಡ್ತೀನಿ. ಡಮ್ಮಿ ತೋಟೆ ಕೊಡಿ."

ಮೂರು ರೈಫಲ್ ಇದ್ದವು. ಒಂದೊಂದಕ್ಕೂ ಮದ್ದಿಲ್ಲದ ಡಮ್ಮಿ ತುಂಬಿ, ಬೋಲ್ಟ್ ಎಳೆದು, ತಳ್ಳಿ, ಮತ್ತೆ ಎಳೆದೆ. ಹೊಳಪಿನ ಹೊಸದು ಏಳನೆಯ ಸಲಕ್ಕೆ ತೋಟೆ ಕಚ್ಚಿಕೊಂಡಿತು, ಪಕ್ಕಕ್ಕಿಟ್ಟೆ. ಎರಡನೆಯದರ ಬೋಲ್ಟ್ ಬಿಗಿ. ಮೂರನೆಯದು ಯಾರೋ ಬಳಸಿ ಕೊಟ್ಟದ್ದು, ಮರದ ಮೇಲೆಲ್ಲ ಗೀರು. ನಲವತ್ತು ಸಲ ಎಳೆದರೂ ನಲವತ್ತು ಸಲವೂ ತೋಟೆಯನ್ನು ಹೊರಗೆ ಚಿಮ್ಮಿಸಿತು. ಭಾವ ಆಕಳಿಸಿದರು. ನಾನು ಇನ್ನೂ ಹತ್ತು ಸಲ ಎಳೆದೆ.

ಲೈಸೆನ್ಸಿಗೆ ತರಬೇತಿ ಪ್ರಮಾಣಪತ್ರ ಬೇಕಿತ್ತು. ತರಬೇತಿ ಕೊಡುವವರು ಹೊಸನಗರದ ಕಡೆಯ ಒಬ್ಬರು ನಿವೃತ್ತ ಸೈನಿಕರು. ಪರೀಕ್ಷೆಯ ದಿನ ಅಂಗಡಿಯವರೇ ನಾನು ಆರಿಸಿದ್ದ ಆ ರೈಫಲನ್ನು ಮೈದಾನಕ್ಕೆ ತಂದರು. ಐದು ಗುಂಡು. ಸೈನಿಕರು ನನ್ನ ಬಲಭುಜ ತಟ್ಟಿ, "ಇಲ್ಲಿ" ಎಂದರು. ಬಲಭುಜಕ್ಕೆ ಇಟ್ಟು ಹೊಡೆದ ಎರಡು ಗುಂಡೂ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋದವು. ಜೊತೆಗೆ ಬಂದಿದ್ದ ಭಾವ ಹಿಂದೆ ಕೆಮ್ಮಿದ್ದು ಕೇಳಿಸಿತು. ನಾಚಿಕೆಯೂ ಆಯಿತು, ಮೈಯೆಲ್ಲ ಸಿಟ್ಟೂ ಏರಿತು.

ಯಾರನ್ನೂ ಕೇಳದೆ ಕೋವಿಯ ಬುಡವನ್ನು ಎಡಭುಜಕ್ಕೆ ಬದಲಿಸಿದೆ. ನಳಿಗೆ ಮರಳಚೀಲದ ಮೇಲಿತ್ತು. ಎಡಗೈ ಟ್ರಿಗರ್ ಬಿಡಲಿಲ್ಲ, ಕೆನ್ನೆ ಅಲುಗಲಿಲ್ಲ. ಬಿಡುವಾಗಿದ್ದ ಬಲಗೈ ತಾನೇ ಹೋಗಿ ಬೋಲ್ಟ್ ಎಳೆಯಿತು. ಬಲಗೈಯವರು ಪ್ರತಿ ಗುಂಡಿಗೂ ಟ್ರಿಗರಿನಿಂದ ಕೈ ತೆಗೆದು ಮತ್ತೆ ಇಡಬೇಕು, ನಾನು ತೆಗೆಯಬೇಕಾಗಿರಲಿಲ್ಲ. ಉಳಿದ ಮೂರೂ ಗುಂಡು ಅಂಗೈಯಗಲದೊಳಗೆ ಕೂತವು.

"ಇನ್ನೈದು ಹೊಡೀರಿ" ಎಂದರು ಸೈನಿಕರು. ಹೊಡೆದೆ. ಒಂದು ಮಾತ್ರ ಅಂಚಿಗೆ ಹೋಯಿತು.

ಅವರು ಪ್ರಮಾಣಪತ್ರ ಬರೆಯುವಾಗ ನಾನು ಬಗ್ಗಿ ನೋಡಿದೆ. 'ಬಲಗೈ' ಎಂದು ಬರೆದಿದ್ದರು.

"ಎಡಗೈ ಅಂತ ಬರೀರಿ ಸರ್."

"ಆಫೀಸಲ್ಲಿ ಸುಮ್ನೆ ಪ್ರಶ್ನೆ ಕೇಳ್ತಾರಮ್ಮ. ಪಾಸಾಗಿದೆಯಲ್ಲ, ತಗಂಡ್ ಹೋಗಿ."

"ಬಲಗೈಲಿ ಹೊಡೆದಿದ್ದೆಲ್ಲ ಮಣ್ಣಿಗೆ ಹೋಯ್ತು. ಸುಳ್ಳು ಕಾಗದ ನಂಗ್ ಬೇಡ."

"ಗದ್ದೆ ಹೋಗ್ತದೆ ನೋಡು" ಎಂದರು ಭಾವ, ಮೆಲ್ಲಗೆ. ಹೋಗುತ್ತದೆಂದು ನನಗೂ ಗೊತ್ತಿತ್ತು, ಭಯವೂ ಇತ್ತು. ಆದರೂ ಕೈಚಾಚಲಿಲ್ಲ. ಸೈನಿಕರು ಆ ಹಾಳೆ ಹರಿದು ಬೇರೆ ಹಾಳೆ ತೆಗೆದರು.

ಆಫೀಸಿನಲ್ಲಿ ಯಾರೂ ಏನೂ ಕೇಳಲಿಲ್ಲ. ಮಳೆಗೆ ವಾರ ಮುಂಚೆ ಲೈಸೆನ್ಸ್ ಬಂತು.

ಎಡಗೈಯಲ್ಲಿ ಬೀಜ ಚೆಲ್ಲಬಾರದೆಂದು, ಮದುವೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಭತ್ತದ ಸಸಿಮಡಿಗೆ ಇಳಿಸಿರಲಿಲ್ಲ. ಆ ವರ್ಷ ಮೊಳಕೆ ಭತ್ತದ ಬುಟ್ಟಿಯನ್ನು ಬಲಸೊಂಟಕ್ಕೆ ಇಟ್ಟುಕೊಂಡು ನಾನೇ ಇಳಿದೆ. ಇವರು ಕೋಲೂರಿಕೊಂಡು ಬದುವಿನ ತನಕ ಬಂದರು, ಭಾವನೂ ಬಂದು ನಿಂತರು. ಮೊದಲ ಹಿಡಿ ಚೆಲ್ಲುವಾಗ ಇಬ್ಬರೂ ನನ್ನ ಎಡಗೈಯನ್ನೇ ನೋಡುತ್ತಿದ್ದರು. ಬೇಡವೆಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಮಡಿ ಮುಗಿಸಿಯೇ ಮೇಲೆ ಬರುತ್ತಿದ್ದೆ.