ತಕ್ಕಡಿ ಸಾಬರ ಮಗಳೂ ಎರಡು ಬಿಳಿ ಇಲಿಗಳೂ

ನಮ್ಮ ಕಾಲೇಜುಗಳಲ್ಲಿ ಪ್ರಾಣಿಗಳ ಬಗ್ಗೆ ಕಲಿಸುವುದು ಸತ್ತ ಪ್ರಾಣಿಯನ್ನು ಮುಂದಿಟ್ಟುಕೊಂಡು. ಇದು ನಿಮಗೆ ಗೊತ್ತು, ಗೊತ್ತಿದ್ದೂ ಸುಮ್ಮನಿದ್ದೀರಿ. ಕಪ್ಪೆಯನ್ನು ಮೇಣದ ತಟ್ಟೆಗೆ ಗುಂಡುಸೂಜಿ ಚುಚ್ಚಿ ಮಲಗಿಸಿ, ಹೊಟ್ಟೆ ಸೀಳಿ, ಚಿತ್ರ ಬರೆದು, ಮಾರ್ಕು ತಗೊಂಡು ಹೋದ ಮಕ್ಕಳು ಪದವೀಧರರಾಗುತ್ತಾರೆ. ಆ ಕಪ್ಪೆ ಬದುಕಿದ್ದಾಗ ಇನ್ನೊಂದು ಕಪ್ಪೆಯ ಪಕ್ಕ ಯಾಕೆ ಕೂರುತ್ತಿತ್ತು ಎಂದು ಯಾರಾದರೂ ಕೇಳಿದರೆ, ತಲೆ ಕೆಟ್ಟಿದೆ ಅನ್ನುತ್ತೇವೆ.

ಹಜೀರಾ ಕೇಳಿದಳು. ಎಪ್ಪತ್ತರ ದಶಕದ ಕೊನೆಯಲ್ಲಿ, ಕೋಲಾರದ ಒಂದು ಕಾಲೇಜಿನಲ್ಲಿ, ಬಿ.ಎಸ್ಸಿ. ಕೊನೆಯ ವರ್ಷದಲ್ಲಿ. ಅವಳು ಕೇಳಿದ್ದು ಕಪ್ಪೆಯ ವಿಷಯವಲ್ಲ, ಇಲಿಯ ವಿಷಯ.

ಅವಳ ಊರು ಮುಳಬಾಗಿಲು. ಅಪ್ಪ ಇಮಾಮ್ ಸಾಬ್ ತಕ್ಕಡಿ ರಿಪೇರಿ ಮಾಡುವವರು. ಸಂತೆಯ ದಿನ ಗೋಣಿಚೀಲ ಹಾಸಿಕೊಂಡು, ಅರ, ಇಕ್ಕಳ, ಒಂದು ಡಬ್ಬಿ ಬೆಸುಗೆ ಇಟ್ಟುಕೊಂಡು ಕೂತರೆ ಹುಣಸೆ ಮಾರುವವರು, ಬೆಲ್ಲ ಮಾರುವವರು, ಟೊಮ್ಯಾಟೊ ಮಂಡಿಯವರು ಎಲ್ಲರೂ ಅವರ ಮುಂದೆ ಕುಕ್ಕರಗಾಲಲ್ಲಿ ಕೂರಲೇಬೇಕು. ಅವರ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ತಕ್ಕಡಿ ಸರಿಯಾಯಿತು ಎಂದು ಬಾಯಲ್ಲಿ ಹೇಳಿದರೆ ಸಾಲದು. ಎಡಗಡೆಯ ತಟ್ಟೆಯಲ್ಲಿದ್ದದ್ದನ್ನು ಬಲಕ್ಕೆ, ಬಲಗಡೆಯದ್ದನ್ನು ಎಡಕ್ಕೆ ಹಾಕಿ ಇನ್ನೊಮ್ಮೆ ತೂಗಿ ತೋರಿಸಬೇಕು. ಆಗಲೂ ಮುಳ್ಳು ನಡುವೆ ನಿಂತರೆ ಮಾತ್ರ ತಕ್ಕಡಿ ನಿಜ. ಹಜೀರಾ ನಡೆಯಲು ಕಲಿಯುವ ಮೊದಲಿನಿಂದಲೇ ಇದನ್ನು ನೋಡಿ ಬೆಳೆದವಳು.

ಕಾಲೇಜಿನಲ್ಲಿ ಅವಳ ಜಾಗ ಹುಡುಗಿಯರ ಸಾಲಿನ ಕೊನೆಯ ಬೆಂಚು, ಗಾಜು ಒಡೆದ ಕಿಟಕಿಯ ಪಕ್ಕ. ಪಕ್ಕದಲ್ಲಿ ತಾಯಲೂರು ಕಡೆಯ ಕದಿರಮ್ಮ. ಕದಿರಮ್ಮ ಇದ್ದದ್ದು ಹಾಸ್ಟೆಲಿನಲ್ಲಿ. ಯಾವ ಹಾಸ್ಟೆಲ್ ಎಂದು ಹೇಳಿದ ಕೂಡಲೇ ಊರಿನಲ್ಲಿ ಯಾವ ಕೇರಿ ಎಂದು ಜನಕ್ಕೆ ತಿಳಿಯುವಂಥ ಹಾಸ್ಟೆಲ್. ಪ್ರಾಣಿಶಾಸ್ತ್ರದ ಮುಖ್ಯಸ್ಥರು ವೆಂಕಟರಾಯಪ್ಪ. ಕೆಟ್ಟ ಮನುಷ್ಯರಲ್ಲ, ನಮ್ಮ ನಿಮ್ಮ ಹಾಗೆಯೇ.

“ಏನಮ್ಮಾ, ನೀವಿಬ್ರೂ ಅಂಟು ಹಾಕಿ ಅಂಟಿಸ್ದಂಗೆ ಅಲ್ಲೇ ಇರ್ತೀರ. ಮುಂದೆ ಬಂದ್ರೆ ನಾವೇನು ಕಚ್ತೀವಾ?” ಎಂದು ಅವರು ಆಗಾಗ ನಗೆಚಾಟಿಕೆ ಮಾಡುತ್ತಿದ್ದರು. ತರಗತಿ ನಗುತ್ತಿತ್ತು. ಅವರಿಬ್ಬರೂ ನಗುತ್ತಿದ್ದರು, ಬೇರೆ ಏನು ಮಾಡಲಾಗುತ್ತದೆ?

ಪ್ರಯೋಗಶಾಲೆಯಲ್ಲಿ ಕುಯ್ಯುವುದಕ್ಕೆಂದು ಸಾಕಿದ ಬಿಳಿ ಇಲಿಗಳಿದ್ದವು. ಅವುಗಳಲ್ಲಿ ಒಂದನ್ನು ಮರಿಯಾಗಿದ್ದಾಗಿನಿಂದ ಒಂಟಿ ಪಂಜರದಲ್ಲಿ ಇಟ್ಟಿದ್ದರು. ಹಜೀರಾ ಅದನ್ನು ಇನ್ನೊಂದು ಇಲಿಯ ಜೊತೆ ಬಿಟ್ಟು ನೋಡಿದಳು. ಅದು ಹೋಗಿ ಆ ಇಲಿಯ ಮೈಗೆ ಮೈ ತಾಗಿಸಿ ಕೂತುಕೊಂಡಿತು. ಒಂಟಿಯಾಗಿ ಬೆಳೆದ ಇಲಿ ಜೊತೆಯವರನ್ನು ಸೇರುವುದಿಲ್ಲ ಎಂದು ಪಠ್ಯಪುಸ್ತಕದಲ್ಲಿತ್ತು. ತಾನು ಕಂಡದ್ದನ್ನು ಅವಳು ಬರೆದುಕೊಟ್ಟಳು. ವೆಂಕಟರಾಯಪ್ಪ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು.

“ನಾನೇ ಕಣ್ಣಾರೆ ನೋಡ್ದೆ ಸಾರ್.”

“ನಿನ್ ಕಣ್ಣಿಗೆ ಸರ್ಟಿಫಿಕೇಟ್ ಕೊಟ್ಟೋರ್ಯಾರಮ್ಮ? ಪಾಪ ಒಂಟಿ ಇಲಿ ಅಂತ ನಿನಗೆ ಕನಿಕರ. ಕನಿಕರ ಇರೋ ಕಣ್ಣು ತನಗೆ ಬೇಕಾದ್ದೇ ನೋಡುತ್ತೆ.”

ಅವಳಿಗೆ ಸಿಟ್ಟು ಬಂತು. ಬಸ್ಸಿನಲ್ಲಿ ಊರಿಗೆ ಹೋಗುವಾಗ ಆ ಸಿಟ್ಟಿನ ಒಳಗೇ ಇನ್ನೊಂದು ಮಾತು ಹೊಳೆಯಿತು: ಅವರು ಹೇಳಿದ್ದು ಸುಳ್ಳೂ ಅಲ್ಲ. ಹಾಗಾದರೆ ಕನಿಕರವಿಲ್ಲದ ಕಣ್ಣು ಒಂದು ಬೇಕು. ಅವಳಿಗೆ ಗೊತ್ತಿದ್ದ ಅಂಥ ಕಣ್ಣು ಒಂದೇ, ತಕ್ಕಡಿಯ ಮುಳ್ಳು.

“ಯಾ ಅಲ್ಲಾ! ಇಲಿ ತೂಗೋಕೆ ತರಾಜಾ ಬೇಟಿ? ನಾಳೆ ಬೆಕ್ಕು ತೂಗಿಕೊಡು ಅಂತೀಯ,” ಎಂದರು ಇಮಾಮ್ ಸಾಬ್. ಹೇಳುತ್ತಲೇ ಹಳೆಯ ತಕ್ಕಡಿ ದಂಡಗಳ ರಾಶಿಗೆ ಕೈ ಹಾಕಿದ್ದರು.

ಅಪ್ಪ ಮಗಳು ಮಾಡಿದ್ದು ಇಷ್ಟೇ. ತಗಡಿನ ಉದ್ದನೆಯ ಪೆಟ್ಟಿಗೆ, ಮೇಲೆ ತಂತಿ ಜಾಲರಿ. ಅದನ್ನು ನಡುಮಧ್ಯಕ್ಕೆ ಸರಿಯಾಗಿ ತಕ್ಕಡಿಯ ದಂಡದ ಮೇಲೆ ಕೂರಿಸಿದರು. ಎರಡು ಇಲಿಗಳು ಎರಡು ತುದಿಯಲ್ಲಿದ್ದರೆ ಪೆಟ್ಟಿಗೆ ಸಮವಾಗಿ ನಿಲ್ಲುತ್ತದೆ. ಎರಡೂ ಒಂದೇ ತುದಿಗೆ ಸೇರಿದರೆ ಆ ಕಡೆ ಒಂದು ಬೆರಳಷ್ಟು ತಗ್ಗುತ್ತದೆ. ಕಪ್ಪೆಯ ಸ್ನಾಯುವಿನ ಮಿಡಿತ ಬರೆಯಲು ಕಾಲೇಜಿನಲ್ಲಿ ಮಸಿ ಹಿಡಿಸಿದ ಕಾಗದ ಸುತ್ತಿದ ಒಂದು ಉರುಳೆ ಇತ್ತು, ಗಡಿಯಾರದ ಹಾಗೆ ಕೀಲಿ ಕೊಟ್ಟರೆ ತಾನಾಗಿ ತಿರುಗುವಂಥದ್ದು. ಪೆಟ್ಟಿಗೆಗೆ ಕಟ್ಟಿದ ಕಡ್ಡಿಯ ಮೊನೆಯನ್ನು ಆ ಉರುಳೆಗೆ ತಾಗಿಸಿದರು. ಈಗ ಯಾರೂ ಕೂತು ಕಾಯಬೇಕಿಲ್ಲ. ಇಲಿಗಳು ದೂರ ಇದ್ದಷ್ಟು ಹೊತ್ತು ಗೆರೆ ನಡುವೆ ಓಡುತ್ತದೆ. ಒಟ್ಟಿಗಿದ್ದಷ್ಟು ಹೊತ್ತು ನಡುವಿನಿಂದ ಸರಿದು ಅಂಚಿಗೆ ಹೋಗುತ್ತದೆ. ಹಜೀರಾ ಪಾಠ ಕೇಳುತ್ತಿದ್ದರೂ, ಕದಿರಮ್ಮ ಬುತ್ತಿ ಬಿಚ್ಚುತ್ತಿದ್ದರೂ, ಪೆಟ್ಟಿಗೆ ತನ್ನ ಪಾಡಿಗೆ ತಾನು ಬರೆಯುತ್ತಿತ್ತು.

ಬರೆದದ್ದು ಏನು? ಗೆರೆ ಹೆಚ್ಚುಕಮ್ಮಿ ಇಡೀ ದಿನ ಅಂಚಿನಲ್ಲೇ. ಒಂಟಿಯಾಗಿ ಬೆಳೆದ ಇಲಿ ಜೊತೆಯ ಇಲಿಯನ್ನು ಬಿಟ್ಟು ಅಲುಗಿರಲಿಲ್ಲ.

ವೆಂಕಟರಾಯಪ್ಪ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಹುಡುಗಿಯ ಮಾತನ್ನು ನಂಬದವರು ತಗಡಿನ ಮಾತನ್ನು ಒಂದೇ ಏಟಿಗೆ ನಂಬಿದರು. “ಭೇಷ್! ಬೆಂಗಳೂರಿನ ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ತಗೊಂಡೋಗೋಣ. ಮುಂದಿನ ವರ್ಷ ನಮ್ ಲ್ಯಾಬಲ್ಲಿ ಡೆಮಾನ್‌ಸ್ಟ್ರೇಟರ್ ಕೆಲಸ ಖಾಲಿ ಆಗುತ್ತೆ. ನಿನ್ ಹೆಸರು ನಾನೇ ಬರೀತೀನಿ.”

ಆ ಕೆಲಸದ ಮೇಲೆ ಹಜೀರಾಗೆ ಎಷ್ಟು ಆಸೆ ಇತ್ತೆಂದರೆ, ಆ ವಾರವಿಡೀ ಬಿಳಿ ಕೋಟು ಹಾಕಿಕೊಂಡ ತನ್ನನ್ನೇ ಬಸ್ಸಿನ ಕಿಟಕಿಯ ಗಾಜಿನಲ್ಲಿ ಕಂಡುಕೊಳ್ಳುತ್ತಿದ್ದಳು.

ಆ ವಾರದ ಸಂತೆಯಲ್ಲಿ ಅಪ್ಪನಿಗೆ ಊಟ ಕೊಡಲು ಹೋದಳು. ಹುಣಸೆ ಮಾರುವ ದೊಡ್ಡಗಂಗಮ್ಮ ತನ್ನ ತಕ್ಕಡಿ ರಿಪೇರಿಗೆ ತಂದಿದ್ದಳು. ಸಾಬರು ತೂಗಿ, ಸರಿಯಾಯಿತು ಎಂದು ಕೊಡಲು ಹೋದರು.

“ತಿಪ್ಪು ಸಾಯ್ಬೂ, ತಿಪ್ಪು,” ಎಂದಳು ದೊಡ್ಡಗಂಗಮ್ಮ ತೆಲುಗಿನಲ್ಲಿ, ಗಾಳಿಯಲ್ಲಿ ಕೈಯನ್ನು ಒಂದು ಸುತ್ತು ತಿರುಗಿಸುತ್ತ. “ನೀ ಹೇಳ್ಬಿಟ್ರೆ ಆಯ್ತಾ? ಆ ಕಡೇದು ಈ ಕಡೆ ಹಾಕಿ ತೋರ್ಸು.”

“ನಲವತ್ತು ವರ್ಷದಿಂದ ತೋರಿಸ್ತಾ ಇದೀನಿ, ಇನ್ನೂ ನಂಬಿಕೆ ಬಂದಿಲ್ಲ ಈ ಮುದುಕಿಗೆ!”

“ನಂಬಿಕೆ ಐತೆ ಕಣಯ್ಯಾ, ಅದಕ್ಕೇ ನಿನ್ನತ್ರ ಬರ್ತೀನಿ. ತಿಪ್ಪು.”

ಹಜೀರಾಳ ಕೈಯಲ್ಲಿದ್ದ ಬುತ್ತಿ ಅಲ್ಲೇ ನಿಂತಿತು. ತನ್ನ ಪೆಟ್ಟಿಗೆಯನ್ನು ಅವಳು ತಿರುಗಿಸಿ ನೋಡಿರಲಿಲ್ಲ.

ಮರುದಿನ ಕಾಲೇಜಿಗೆ ಹೋದವಳೇ ಪೆಟ್ಟಿಗೆಯ ಈ ತುದಿ ಆ ಕಡೆಗೆ, ಆ ತುದಿ ಈ ಕಡೆಗೆ ಬರುವಂತೆ ತಿರುಗಿಸಿದಳು. ಇಲಿಗಳು ಪೆಟ್ಟಿಗೆಯ ಇನ್ನೊಂದು ತುದಿಗೆ ಹೋಗಿ ಸೇರಿದವು. ಅಂದರೆ ಪೆಟ್ಟಿಗೆಯ ತುದಿ ಬದಲಾದರೂ ಕೋಣೆಯ ಮೂಲೆ ಅದೇ: ಕಿಟಕಿಯ ಬಿಸಿಲಿಗೆ ದೂರ, ಬೀರುವಿನ ನೆರಳು. ಒಂದು ಇಲಿಯನ್ನು ಹೊರಗೆ ತೆಗೆದು, ಇನ್ನೊಂದನ್ನು ಮಾತ್ರ ಬಿಟ್ಟಳು. ಅದು ಒಂಟಿಯಾಗಿ ಅಲ್ಲಿಗೇ ಹೋಗಿ ಕೂತಿತು.

ಒಂದಕ್ಕೊಂದು ಬೇಕಾಗಿ ಸೇರಿದ್ದಲ್ಲ. ಎರಡಕ್ಕೂ ನೆರಳು ಬೇಕಾಗಿತ್ತು, ನೆರಳಿದ್ದದ್ದು ಒಂದೇ ಕಡೆ. ಪೆಟ್ಟಿಗೆ ಸುಳ್ಳು ಹೇಳಿರಲಿಲ್ಲ. ಭಾರ ಎಲ್ಲಿದೆ ಎಂದು ಅದನ್ನು ಕೇಳಿದ್ದರು, ಅದು ಹೇಳಿತ್ತು. ಅದನ್ನು ಪ್ರೀತಿ ಎಂದು ಓದಿಕೊಂಡವರು ಮನುಷ್ಯರು.

ಕದಿರಮ್ಮ ಬಹಳ ಹೊತ್ತು ಪೆಟ್ಟಿಗೆಯನ್ನೇ ನೋಡುತ್ತ ನಿಂತಳು. ಆಮೇಲೆ, “ಲೇ ಹಜೀರಾ, ಇದು ನಮ್ ಬೆಂಚು ಕಣೇ,” ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಹಜೀರಾ ವೆಂಕಟರಾಯಪ್ಪನವರ ಕೋಣೆಗೆ ಹೋಗಿ ಎಲ್ಲ ಹೇಳಿದಳು.

“ಯಾರು ನಿನಗೆ ತಿರುಗ್ಸು ಅಂತ ಹೇಳಿದ್ದು?” ಅವರ ದನಿ ಏರಿತು. “ಬೆಂಗಳೂರಲ್ಲಿ ಯಾರೂ ತಿರುಗ್ಸಿ ನೋಡಲ್ಲ ಕಣಮ್ಮ.”

“ನಮ್ಮಪ್ಪ ತಿರುಗಿಸ್ತಾರೆ ಸಾರ್.”

“ಹಾಗಾದ್ರೆ ನಿಮ್ಮಪ್ಪನ್ನೇ ಡೆಮಾನ್‌ಸ್ಟ್ರೇಟರ್ ಕೆಲಸ ಕೇಳು, ಹೋಗು!”

ಅವಳು ಹೊರಗೆ ಬಂದು ಅತ್ತಳು. ಅತ್ತು ಮುಖ ತೊಳೆದುಕೊಂಡು, ಕದಿರಮ್ಮನ ಜೊತೆ ಸೇರಿ ಕಿಟಕಿಗೆ ಸಕ್ಕರೆ ಚೀಲ ಕಟ್ಟಿದಳು. ಬೆಳಕು ಎರಡೂ ತುದಿಗೆ ಒಂದೇ ಸಮ ಬೀಳುವ ಹಾಗೆ ಮಾಡಿ, ಪ್ರತಿ ಸಲ ಪೆಟ್ಟಿಗೆ ತಿರುಗಿಸಿ, ಮೊದಲಿನಿಂದ ಶುರು ಮಾಡಿದಳು. ಹೊಸ ಗೆರೆ ಹಳೆಯದರಷ್ಟು ಅಂದವಾಗಿರಲಿಲ್ಲ. ಒಂಟಿ ಇಲಿ ಮೊದಮೊದಲು ದೂರವೇ ಇತ್ತು, ಪುಸ್ತಕ ಹೇಳಿದ ಹಾಗೆ. ದಿನ ಕಳೆದಂತೆ ಗೆರೆ ಅಂಚಿನತ್ತ ಜರುಗತೊಡಗಿತು. ಒಮ್ಮೆ ಬಂದು, ಹಿಂದೆ ಓಡಿ, ಮತ್ತೆ ಬಂದು, ಕೊನೆಗೆ ಇಲಿ ಜೊತೆಯದರ ಪಕ್ಕ ಕೂತಿತು. ಈ ಸಲ ನೆರಳಿನ ಹಂಗಿರಲಿಲ್ಲ. ಪುಸ್ತಕವೂ ಅರ್ಧ ಸರಿ, ಹಜೀರಾಳೂ ಅರ್ಧ ಸರಿ.

ಬೆಂಗಳೂರಿಗೆ ಅವಳು ಎರಡೂ ಕಾಗದ ತೆಗೆದುಕೊಂಡು ಹೋದಳು. ತಪ್ಪಾದದ್ದನ್ನು ಮೊದಲು ತೂಗುಹಾಕಿ, ಯಾಕೆ ತಪ್ಪು ಎಂದು ಬಂದವರಿಗೆಲ್ಲ ಹೇಳಿದಳು. ಬಹುಮಾನ ಬಣ್ಣದ ದೀಪ ಮಿನುಗುವ ಇನ್ಯಾವುದೋ ಮಾದರಿಗೆ ಹೋಯಿತು. ವೆಂಕಟರಾಯಪ್ಪ ಮುಖ ಗಂಟು ಹಾಕಿಕೊಂಡೇ ಜೊತೆಗೆ ಬಂದಿದ್ದರು. ವಾಪಸು ಬರುವಾಗ ರೈಲಿನಲ್ಲಿ, ಮಾಲೂರು ದಾಟಿ, ಇಟ್ಟಿಗೆ ಗೂಡುಗಳ ಹೊಗೆ ಹಿಂದೆ ಸರಿಯುತ್ತಿದ್ದಾಗ, ಕಿಟಕಿಯ ಕಡೆಗೇ ನೋಡುತ್ತ ಕೇಳಿದರು:

“ಅಲ್ಲಮ್ಮ, ನೀವಿಬ್ರೂ ಯಾಕೆ ಯಾವಾಗ್ಲೂ ಆ ಕೊನೇ ಬೆಂಚಲ್ಲೇ ಕೂರ್ತಿದ್ರಿ?”

“ಬೇರೆ ಬೆಂಚಲ್ಲಿ ಜಾಗ ಬಿಡ್ತಿರಲಿಲ್ಲ ಸಾರ್. ನಾವು ಕೂತ್ರೆ ಎದ್ದು ಹೋಗ್ತಿದ್ರು,” ಎಂದಳು ಹಜೀರಾ.

ಅವರು ಕನ್ನಡಕ ತೆಗೆದು ಒರೆಸಿದರು. ಬಂಗಾರಪೇಟೆ ಬರುವ ತನಕ ಒರೆಸುತ್ತಲೇ ಇದ್ದರು. ಡೆಮಾನ್‌ಸ್ಟ್ರೇಟರ್ ಕೆಲಸ ಬೇರೆಯವರಿಗೆ ಹೋಯಿತು. ಅದನ್ನು ತಪ್ಪಿಸಲು ಆಗ ಕಾಲ ಮೀರಿತ್ತು ಎಂದರು, ಇರಬಹುದು. ಆದರೆ ಬಿ.ಎಡ್. ಸೀಟಿಗೆ ಅವಳ ಜೊತೆ ತಾವೇ ಓಡಾಡಿದರು, ಕದಿರಮ್ಮನಿಗೂ ಸೇರಿಸಿ.

ಎಂಬತ್ತರ ದಶಕದಲ್ಲಿ ಶ್ರೀನಿವಾಸಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಹಜೀರಾ ಮೇಡಂ ವಿಜ್ಞಾನ ಕಲಿಸುತ್ತಿದ್ದರು. ಅವರ ಮೇಜಿನ ಮೇಲೆ ಆ ತಗಡಿನ ಪೆಟ್ಟಿಗೆ ಇತ್ತು, ಒಳಗೆ ಯಾವಾಗಲೂ ಏನಾದರೂ ಜೀವಂತವಾದದ್ದು ಓಡಾಡುತ್ತಿತ್ತು. ಸೋಮವಾರ ಬೆಳಿಗ್ಗೆ ಮೊದಲ ಕೆಲಸ ಬೆಂಚು ತಿರುಗಿಸುವುದು: ಹಿಂದಿನವು ಮುಂದಕ್ಕೆ, ಕಿಟಕಿಯ ಪಕ್ಕದವು ಗೋಡೆಗೆ, ಪಕ್ಕದಲ್ಲಿ ಯಾರು ಎಂಬುದೂ ಬದಲು. ಮೊದಲ ವಾರ ಗೌನಿಪಲ್ಲಿಯಿಂದ ಮಾವಿನ ತೋಟದ ಯಜಮಾನರೊಬ್ಬರು ಜಗಳಕ್ಕೇ ಬಂದರು. “ನಮ್ ಹುಡುಗನ್ನ ಯಾರ್ಯಾರ ಪಕ್ಕಾನೋ ಕೂರಿಸ್ತೀರಂತೆ?”

“ಮುಂದಿನ ಸೋಮವಾರ ಮತ್ತೆ ತಿರುಗಿಸ್ತೀನಿ, ಬಂದು ನೋಡಿ,” ಎಂದರು ಮೇಡಂ. ಅವರು ಬಂದರು. ಅವರ ಹುಡುಗ ಹಿಂದಿನ ಸೋಮವಾರ ಪಕ್ಕಕ್ಕೆ ಬಂದಿದ್ದ ಹುಡುಗನನ್ನು ಬಿಟ್ಟುಕೊಡಲೊಲ್ಲದೆ ಅಳುತ್ತಿದ್ದ.

“ಅವರು ಅವರವರೇ ಸೇರ್ಕೊಂಡಿರ್ತಾರೆ, ನಾವೇನ್ ಮಾಡಕ್ಕಾಗುತ್ತೆ” ಎಂದು ನೀವು ಬಸ್ಸಿನಲ್ಲಿ, ಹೋಟೆಲಿನಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ ಹೇಳುತ್ತಲೇ ಬಂದಿದ್ದೀರಿ. ಸಾಕು. ನಾಳೆ ನಿಮ್ಮ ಮಗುವಿನ ಶಾಲೆಗೆ ಹೋಗಿ. ಕೊನೆಯ ಬೆಂಚಿನಲ್ಲಿ ಯಾರಿದ್ದಾರೆ ನೋಡಿ. ಆ ಬೆಂಚನ್ನು ನಿಮ್ಮ ಕೈಯಾರೆ ಎತ್ತಿ ಮುಂದೆ ತಂದು ಹಾಕಿ, ನಿಮ್ಮ ಮಗುವನ್ನು ಅದರ ಮೇಲೆ ಅವರ ಪಕ್ಕ ಕೂರಿಸಿ.