ಅಣ್ಣ ನಗದ ಸಿನಿಮಾ

ನಗಿಸುವುದರಲ್ಲಿ ನನ್ನನ್ನು ಮೀರಿಸುವವರು ವಡೋದರಾದಲ್ಲಿ ಯಾರೂ ಇರಲಿಲ್ಲ. ಫತೇಗಂಜಿನ ನನ್ನ ಹೋಟೆಲಿಗೆ ಹಾಸ್ಟೆಲ್ ಹುಡುಗರು ಬರುತ್ತಿದ್ದದ್ದು ದೋಸೆಗಲ್ಲ, ನನ್ನ ಕೀಟಲೆಗೆ. ನನ್ನೆದುರು ನಗದೆ ಕೂರಬಲ್ಲ ಗಂಡಸು ಒಬ್ಬನೇ: ಸೂರತ್ತಿನ ಉಧ್ನಾದಲ್ಲಿ ಹೋಟೆಲಿಟ್ಟಿದ್ದ ನನ್ನ ಅಣ್ಣ.

ಹುಡುಗರಾಗಿದ್ದಾಗ ಊರಿನ ಟೆಂಟ್ ಸಿನಿಮಾದಲ್ಲಿ ಹಾಸ್ಯಚಿತ್ರ ನೋಡುವಾಗ ನಮಗೊಂದು ಪಂಥವಿತ್ತು. ಮೊದಲು ನಕ್ಕವನು ಸೋತ. ಗೆದ್ದವನು ಅವನ ತಲೆಗೆ ಮೊಟಕಬೇಕು. ತಲೆ ಬೆಳ್ಳಗಾದ ಮೇಲೂ ಅದನ್ನು ಬಿಟ್ಟಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಅಣ್ಣನಿಗೆ ಸ್ಟ್ರೋಕ್ ಆಯಿತು. ಕೈಕಾಲು ಉಳಿದವು, ಮಾತು ಹೋಯಿತು. ಹೆಂಡತಿಯ ಗುರುತೂ ಇದ್ದಂತೆ ಕಾಣಲಿಲ್ಲ. ಡಾಕ್ಟರು ಕೈಚೆಲ್ಲಿದರು. ನಾನು ಬಿಡುತ್ತೇನೆಯೇ? ನಾವಿಬ್ಬರೂ ಮೆಚ್ಚಿದ್ದ ಹಾಸ್ಯ ನಿರ್ದೇಶಕ ಮುಪ್ಪಿನಲ್ಲಿ ತೆಗೆದ ಚಿತ್ರವನ್ನು ನಮ್ಮ ಕನ್ನಡ ಸಂಘದವರು ಒಂದು ಭಾನುವಾರ ಬೆಳಗಿನ ಆಟಕ್ಕೆ ತರಿಸಿದ್ದರು. ಅಣ್ಣ-ಅತ್ತಿಗೆಯರನ್ನು ರೈಲಿನಲ್ಲಿ ಕರೆಸಿಕೊಂಡೆ.

"ಸಿನಿಮಾ ಮುಗಿಯೋದ್ರೊಳಗೆ ಇವ ನಗದಿದ್ರೆ ನನ್ನ ಮೀಸೆ ಬೋಳಿಸ್ತೇನೆ, ಅತ್ತಿಗೆ."

"ನಿಮ್ಮ ಮೀಸೆ ಯಾರಿಗೆ ಬೇಕು ಮಾರಾಯ್ರೆ? ಇವರು ನನ್ನ ಹೆಸರು ಹಿಡಿದು ಒಂದ್ಸಲ ಕರೆದ್ರೆ ಸಾಕು."

ತನ್ನ ಮನೆ ಹಾರಿಹೋದೀತೆಂದು ಹೆದರಿ ಅದನ್ನು ಹುಣಸೇಮರಕ್ಕೆ ಕಟ್ಟಿಹಾಕುವ ಮಾಸ್ತರನ ಕಥೆ ಅದು. ಮನೆ ಹಾರಿಯೇ ಬಿಡುತ್ತದೆ, ಮಾಡಿನ ಮೇಲೆ ಹಪ್ಪಳ ಒಣಗಿಸುತ್ತಿದ್ದ ಹೆಂಡತಿಯ ಸಮೇತ. ಆಕೆ ಮೋಡದೊಳಗಿಂದ, "ಬಾಗಿಲು ಹಾಕಿದ್ರಾ?" ಎಂದು ಕೂಗುತ್ತಾಳೆ. ಸಂಘದ ಸದಸ್ಯರಾಗಿದ್ದ ಕೊಯಾಲಿಯ ತೈಲ ರಿಫೈನರಿ ಸಾಹೇಬರೆಲ್ಲ ಹೊಟ್ಟೆ ಹಿಡಿದುಕೊಂಡರು. ಕನ್ನಡ ಬಾರದ ಅವರ ಮಕ್ಕಳೂ ನಕ್ಕವು.

ನನಗೆ ಮಾತ್ರ ಸಂಕಟವಾಯಿತು. ಹಿಂದೆಲ್ಲ ಈ ನಿರ್ದೇಶಕ ನಗೆಯೆಸೆದು ಓಡಿಬಿಡುತ್ತಿದ್ದ. ಈಗ ಎಸೆದು, ನಿಂತು, ನಕ್ಕೆವೋ ಇಲ್ಲವೋ ಎಂದು ನಮ್ಮ ಮುಖ ನೋಡುತ್ತಾನೆ. ನಾನು ಅಣ್ಣನ ಮುಖ ನೋಡುತ್ತಿದ್ದೆ.

ಅದು ಅಲುಗಲಿಲ್ಲ. ಆಗ ಥಟ್ಟನೆ ಹೊಳೆಯಿತು: ಪಂಥ ನೆನಪಿದ್ದರೆ ಅವನು ನಗುವುದಾದರೂ ಹೇಗೆ? ಎಂದೂ ಬೇಕೆಂದು ಸೋಲದ ನಾನು ಗಹಗಹಿಸಿ ನಕ್ಕೆ.

"ಸೋತೆ ಅಣ್ಣಾ. ಮೊಟಕು," ಎಂದು ತಲೆ ಬಗ್ಗಿಸಿದೆ.

ಕೈ ಬರಲಿಲ್ಲ. ಚಿತ್ರ ಮುಗಿಯಿತು, ದೀಪ ಹತ್ತಿತು, ಜನ ಎದ್ದರು. ನಾನು ತಲೆ ಎತ್ತಲಿಲ್ಲ.

ಕೊನೆಗೆ ಅತ್ತಿಗೆಯೇ ಅಣ್ಣನ ಮುಷ್ಟಿ ಹಿಡಿದು ನನ್ನ ತಲೆಗೆ ಮೆಲ್ಲಗೆ ತಾಗಿಸಿದರು.

"ಆಯ್ತಲ್ಲ, ಏಳಿ. ಮೀಸೆ ಇರ್ಲಿ."