ಅರ್ಥ ಹೇಳಿದ ಮೇಷ್ಟ್ರು

ನಮ್ಮ ಅನಾಟಮಿ ಮೇಷ್ಟ್ರು ಸಾರನ್ನವನ್ನೂ ಚಮಚದಲ್ಲೇ ಉಣ್ಣುತ್ತಿದ್ದರು. ಹೆಣ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ವರ್ಷಗಟ್ಟಲೆ ಅದ್ದಿದ ಅವರ ಬೆರಳ ತುದಿಗಳು ಒಣಗಿದ ನಿಂಬೆ ಸಿಪ್ಪೆಯಂತೆ ಬಿರಿದು ಬೆಳ್ಳಗಾಗಿದ್ದವು. ಎಷ್ಟು ಸೋಪು ತಿಕ್ಕಿದರೂ ಆ ವಾಸನೆ ಹೋಗುತ್ತಿರಲಿಲ್ಲ. ಉಡುಪಿ ಕಡೆಯ ಮಡಿವಂತ ಮನೆತನದವರು ಎಲೆಯ ಮುಂದೆ ಚಮಚ ಹಿಡಿದು ಕೂತರೆ ನೆಂಟರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮೇಷ್ಟ್ರಿಗೆ ಅದರ ಪರಿವೆಯೇ ಇರಲಿಲ್ಲ.

ಐವತ್ತರ ದಶಕದ ಕೊನೆ. ನಾನು ಮದರಾಸಿನಲ್ಲಿ ಡಾಕ್ಟರಿಕೆ ಓದುತ್ತಿದ್ದೆ. ವೆಸ್ಟ್ ಮಾಂಬಲಂನ ನಮ್ಮ ಓಣಿಯಲ್ಲೇ ಮೇಷ್ಟ್ರ ಮನೆ. ಸಂಜೆ ಅವರ ಜಗಲಿಯಲ್ಲಿ ಕನ್ನಡ ಮಾತಾಡುವ ನಾಲ್ಕೈದು ವಿದ್ಯಾರ್ಥಿಗಳು ಸೇರುತ್ತಿದ್ದೆವು. ಶಬ್ದಗಳನ್ನು ಉರು ಹೊಡೆಯಲು ಅವರು ಬಿಡುತ್ತಿರಲಿಲ್ಲ. ಮೊಣಕಾಲ ಚಿಪ್ಪು ಪಟೆಲ್ಲಾ, ಲ್ಯಾಟಿನ್ನಿನಲ್ಲಿ ಹಾಗೆಂದರೆ ಪುಟ್ಟ ತಟ್ಟೆ. ಬೆನ್ನುಮೂಳೆಯ ತುದಿ ಕಾಕ್ಸಿಕ್ಸ್, ಗ್ರೀಕರ ಕಣ್ಣಿಗೆ ಅದು ಕೋಗಿಲೆಯ ಕೊಕ್ಕು. ತೊಡೆಯ ಉದ್ದನೆಯ ಸ್ನಾಯುವಿಗೆ ಸಾರ್ಟೋರಿಯಸ್ ಎಂಬ ಹೆಸರು ದರ್ಜಿಯಿಂದ ಬಂತು ಎಂದು ಹೇಳಿ ಸುಮ್ಮನಾಗದೆ, ನಮ್ಮನ್ನು ಸ್ಟೇಷನ್ ಬಳಿಯ ಹೊಲಿಗೆ ಅಂಗಡಿಗೇ ಎಬ್ಬಿಸಿಕೊಂಡು ಹೋದರು. ಚಕ್ಕಳಮಕ್ಕಳ ಹಾಕಿ ಕೂತು ಕಾಜಾ ಹೊಲಿಯುತ್ತಿದ್ದ ಮುದುಕನ ಕಾಲನ್ನು ನಾವೆಲ್ಲ ಬಗ್ಗಿ ನೋಡಿದಾಗ ಆತ ತನಗೇನೋ ರೋಗ ಬಡಿದಿದೆ ಎಂದೇ ಹೆದರಿಬಿಟ್ಟ. ಮೇಷ್ಟ್ರು ತಮಿಳಿನಲ್ಲಿ ವಿಷಯ ತಿಳಿಸಿದ ಮೇಲೆ ಪಕ್ಕದ ಅಂಗಡಿಯವನನ್ನು ಕರೆದು ತನ್ನ ತೊಡೆ ತೋರಿಸಿಕೊಂಡ.

ರೋಗಿಗಳ ವಿಷಯದಲ್ಲೂ ಅವರು ಹೀಗೆಯೇ. ಡಾಕ್ಟರುಗಳು ಮಂಚದ ಸುತ್ತ ನಿಂತು ಇಂಗ್ಲಿಷಿನಲ್ಲಿ ಗುಸುಗುಸು ಮಾಡುವುದು ಅವರಿಗೆ ಆಗಿಬರುತ್ತಿರಲಿಲ್ಲ. "ರೋಗ ಇರುವುದು ಅವರ ಮೈಯಲ್ಲಿ. ಹೆಸರು ಮಾತ್ರ ನಮ್ಮ ಬಾಯಲ್ಲಿ ಇಟ್ಟುಕೊಳ್ಳುವುದು ಯಾವ ನ್ಯಾಯ?" ಎನ್ನುತ್ತಿದ್ದರು. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದೆವು. ಒಳಬಾಗಿಲಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಾ ಎಲ್ಲ ಪಾಠವನ್ನೂ ಅವರು ಕೇಳಿಸಿಕೊಳ್ಳುತ್ತಿದ್ದರು. ಎಷ್ಟೋ ಸಲ ನಮಗೆ ಮರೆತ ಅರ್ಥ ಒಳಗಿನಿಂದ ಬರುತ್ತಿತ್ತು.

ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ಆ ಜಗಲಿಯ ಕಳೆಯೇ ಹೋಯಿತು. ಪರೀಕ್ಷೆ ಮಾಡಿದ ಸರ್ಜನ್ ಇಂಗ್ಲಿಷಿನಲ್ಲಿ ಒಂದು ಶಬ್ದ ಹೇಳಿ ಹೊರಟುಹೋದರು. ಟಿ. ನಗರದಲ್ಲಿ ಹೋಟೆಲು ನಡೆಸುತ್ತಿದ್ದ ಅಕ್ಕನ ಅಣ್ಣಂದಿರು ಬಂದು, ಅವಳ ಕಿವಿಗೆ ಆ ಹೆಸರು ಬೀಳಬಾರದು, ಸಾಮಾನ್ಯ ಗಂಟು ಎಂದೇ ಹೇಳಬೇಕು ಎಂದು ಕಟ್ಟುನಿಟ್ಟು ಮಾಡಿದರು. ಆಗ ಎಲ್ಲ ಮನೆಗಳಲ್ಲೂ ಇದ್ದ ಪದ್ಧತಿ ಅದು. ಮೇಷ್ಟ್ರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಒಂದು ಸಂಜೆ ನಾನೊಬ್ಬಳೇ ಜಗಲಿಯಲ್ಲಿದ್ದೆ. ಅಕ್ಕ ಹೊರಗೆ ಬಂದು ಗಂಡನ ಎದುರು ಕೂತರು.

"ಆವತ್ತು ಸರ್ಜನ್ ಹೇಳಿದ್ರಲ್ಲ, ಕಾರ್ಸಿನೋಮ ಅಂದ್ರೆ ಎಂಥ ಅರ್ಥ?"

ಮೇಷ್ಟ್ರು ತಮ್ಮ ಬೆರಳುಗಳನ್ನು ನೋಡಿಕೊಂಡರು. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ.

"ಏಡಿ," ಎಂದರು. "ಗಂಟಿನ ಸುತ್ತ ರಕ್ತನಾಳಗಳು ಏಡಿಯ ಕಾಲಿನ ಹಾಗೆ ಹಬ್ಬಿದ್ದನ್ನು ಕಂಡು ಗ್ರೀಕರು ಇಟ್ಟ ಹೆಸರು."

ಅಕ್ಕ ಕಡಲ ಬದಿಯಲ್ಲಿ ಬೆಳೆದವರು. "ಹಿಡಿದ್ರೆ ಬಿಡುವುದಿಲ್ಲ ಅಲ್ವಾ?"

"ಹೆಚ್ಚಾಗಿ ಬಿಡುವುದಿಲ್ಲ."

ಅಕ್ಕ ತಲೆಯಾಡಿಸಿ ಒಳಗೆ ಹೋಗಿ ದೀಪ ಹಚ್ಚಿದರು. ಮರುದಿನ ರೇಡಿಯೇಶನ್ನಿಗೆಂದು ಆಸ್ಪತ್ರೆಗೆ ಹೊರಡಿಸಲು ಬಂದ ಅಣ್ಣಂದಿರಿಗೆ, ಕರೆಂಟ್ ಕೊಡಿಸಿಕೊಳ್ಳುವುದಿಲ್ಲ, ಬಿಡದ ಮೇಲೆ ಮೈ ಸುಟ್ಟುಕೊಳ್ಳುವುದು ಎಂತಕ್ಕೆ ಎಂದುಬಿಟ್ಟರು. ಅವರು ಗೋಗರೆದರು, ಬೈದರು, ಅತ್ತರು. ಅಕ್ಕ ಕದಲಲಿಲ್ಲ. ಮೇಷ್ಟ್ರೂ ಎಷ್ಟೋ ಹೇಳಿ ನೋಡಿದರು. ಆ ವರ್ಷದ ದೀಪಾವಳಿಗೆ ಅಕ್ಕ ಇರಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಎಲೆ ಹಾಕಿದ್ದಾಗ ಅಕ್ಕನ ದೊಡ್ಡಣ್ಣ ಎಲ್ಲರ ಎದುರು ಹೇಳಿದರು: "ರೋಗ ಅಲ್ಲ ಭಾವ, ನಿಮ್ಮ ಪಾಠ ಅವಳನ್ನು ತೆಗೆದುಕೊಂಡು ಹೋಯಿತು." ಮೇಷ್ಟ್ರು ಚಮಚವನ್ನು ಎಲೆಯ ಬದಿಗಿಟ್ಟರು. ನನಗೆ ಸಿಟ್ಟು ಬಂತು, ಆದರೆ ಅಲ್ಲಿ ಬಾಯಿ ಹಾಕಲು ನಾನು ಯಾರು?

ಅಲ್ಲಿಂದ ಮುಂದೆ ಜಗಲಿಯ ಪಾಠ ನಿಂತಿತು. ಕಾಲೇಜಿನಲ್ಲಿ ಬರೀ ಶಬ್ದ ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಯಾರಾದರೂ ಅರ್ಥ ಕೇಳಿದರೆ, ಪುಸ್ತಕದಲ್ಲಿ ಉಂಟು ನೋಡಿಕೊಳ್ಳಿ ಎನ್ನುತ್ತಿದ್ದರು. ಹೊಸ ಹುಡುಗರು ಅವರನ್ನು ನೀರಸ ಮೇಷ್ಟ್ರು ಎಂದು ಆಡಿಕೊಳ್ಳುತ್ತಿದ್ದರು.

ಅರವತ್ತರ ದಶಕದ ನಡುವಿನಲ್ಲಿ ಮೂತ್ರಪಿಂಡ ಕೆಟ್ಟು ಅವರು ಆಸ್ಪತ್ರೆ ಸೇರಿದಾಗ ನಾನು ಅಲ್ಲೇ ಡಾಕ್ಟರಾಗಿದ್ದೆ. ತಮ್ಮ ರೋಗದ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ಒಂದು ಮಧ್ಯಾಹ್ನ ಮಾತ್ರ, ಮುಖ ಊದಿಕೊಂಡು ಕಣ್ಣು ಸಣ್ಣದಾಗಿದ್ದ ಮೇಷ್ಟ್ರು, "ನಾನು ಅವಳಿಗೆ ಹೇಳಬಾರದಿತ್ತಾ?" ಎಂದರು.

"ಅಕ್ಕನೇ ಕೇಳಿದ್ದಲ್ವಾ ಸರ್," ಎಂದೆ.

"ಕೇಳಿದ್ದು ಹೌದು. ಒಂದು ಸುಳ್ಳು ಹೇಳಿ ಅಂತ ಕೇಳಿದ್ದಳೋ ಏನೋ."

ಆ ವಾರವೇ ಅವರು ತೀರಿಕೊಂಡರು. ಹೋಟೆಲಿನ ಅಣ್ಣಂದಿರು ಬರಲಿಲ್ಲ.

ರೋಗಿಯ ಪಕ್ಕ ಕೂತು, ಅವರ ಭಾಷೆಯಲ್ಲಿ ರೋಗದ ಹೆಸರು ಬಿಡಿಸಿ ಹೇಳುವುದನ್ನು ನಾನು ಕಲಿತದ್ದು ಮೇಷ್ಟ್ರಿಂದ. ಇಷ್ಟು ವರ್ಷವೂ ಹಾಗೆಯೇ ಹೇಳಿದ್ದೇನೆ. ಆದರೆ ಯಾರಾದರೂ ನನಗೇನಾಗಿದೆ ಡಾಕ್ಟರೇ ಎಂದಾಗ, ಬಾಯಿ ತೆರೆಯುವ ಮೊದಲು ಅವರ ಮುಖವನ್ನು ನೋಡುತ್ತೇನೆ, ಕೇಳುತ್ತಿರುವುದು ನಿಜವನ್ನೋ ಸುಳ್ಳನ್ನೋ ಎಂದು. ಇವತ್ತಿಗೂ ನನಗೆ ಗೊತ್ತಾಗುವುದಿಲ್ಲ.